ಕಾಲು ಮುಂದಾಗಿ ಹುಟ್ಟದ ಡಾಕ್ಟರು

ಕತ್ತು ಹಿಡಿದುಕೊಂಡು ಇವತ್ತಿಗೆ ನಾಲ್ಕು ದಿನ, ಸ್ನೇಹಿತರೇ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ 'ಏನು' ಎನ್ನಬೇಕು. ಬೆಳಿಗ್ಗೆ ಗಂಗಾನಗರದ ಫಿಸಿಯೋಥೆರಪಿಸ್ಟ್ ಹತ್ತಿರ ಹೊರಟಾಗ, ರಾಜಾನುಕುಂಟೆಯಿಂದ ಬಂದಿರುವ ನಮ್ಮತ್ತೆಯೂ ಜೊತೆಗೆ ಬಂದರು.

"ಇದಕ್ಕೆ ಮುಂಚೆ ಏನಾದ್ರೂ ಮಾಡಿಸಿದ್ರಾ?" ಡಾಕ್ಟರು ಕೇಳಿದರು.

ಅತ್ತೆಯ ಕಡೆ ನೋಡಲು ಹೋದೆ, ಕತ್ತು ತಿರುಗಲಿಲ್ಲ. ಅವರೇ ಹೇಳಿದರು: "ನಮ್ಮ ನಾದಿನಿ ಕಾಲು ಮುಂದಾಗಿ ಹುಟ್ಟಿದೋಳು. ಅಂಗೆ ಹುಟ್ಟಿರೋರು ಕಾಲಲ್ಲಿ ಒತ್ತಿದ್ರೆ ಹಿಡ್ಕೊಂಡಿರೋದು ಬಿಟ್ಕೊಳ್ತದೆ. ಮೊನ್ನೆ ಇವಳ ಬೆನ್ನಿಗೆ ಮೂರು ಸಲ ಇಂಗೆ ಒತ್ತಿದ್ಲು."

"ಬಿಟ್ಕೊಳ್ತಾ?"

"ಜಾಸ್ತಿ ಆಯ್ತು," ಎಂದೆ ನಾನು.

ಕೈ ಜೋಮು ಹಿಡಿಯುತ್ತದಾ, ತಲೆ ಸುತ್ತುತ್ತದಾ ಎಂದೆಲ್ಲ ವಿಚಾರಿಸಿದ ಡಾಕ್ಟರು, ನನ್ನನ್ನು ಬೋರಲು ಮಲಗಿಸಿ ಬೆನ್ನಿನ ಮೇಲ್ಭಾಗವನ್ನು ಎರಡೂ ಅಂಗೈಯಿಂದ ಒಮ್ಮೆ ಒತ್ತಿದರು. ಲಟಕ್ ಎಂದಿತು.

"ಅಯ್ಯೋ, ಮುರ್ದೇ ಬುಟ್ಟಲ್ಲಪ್ಪ!" ಅತ್ತೆ ಎದ್ದು ನಿಂತರು.

"ಮುರಿದಿಲ್ಲ ಅಮ್ಮ, ಕೀಲು ಸಡಿಲ ಆಯ್ತು ಅಷ್ಟೆ."

ಎದ್ದು ಕೂತೆ. ಕತ್ತು ಮುಕ್ಕಾಲು ಭಾಗ ತಿರುಗಿತು, ಅತ್ತೆಯ ಮುಖವೂ ಕಂಡಿತು. ಅವರು ಡಾಕ್ಟರನ್ನೇ ದಿಟ್ಟಿಸುತ್ತಿದ್ದರು.

"ನೀನೂ ಕಾಲು ಮುಂದಾಗಿ ಹುಟ್ಟಿದ್ದೇನಪ್ಪ?"

"ಇಲ್ಲಮ್ಮ, ಸಿಸೇರಿಯನ್."

ಅತ್ತೆ ಸ್ವಲ್ಪ ಯೋಚಿಸಿದರು. "ಅಂಗನ್ನು ಮತ್ತೆ. ನೀನೂ ಎಲ್ಲಾರಂಗೆ ಹುಟ್ಟಿಲ್ಲ."

ಈಗ ಅತ್ತೆ ಫೋನಿನಲ್ಲಿ ತಮ್ಮ ನಾದಿನಿಗೆ ಹೇಳುತ್ತಿದ್ದಾರೆ: "ಇನ್ಮೇಲೆ ಯಾರಿಗಾದ್ರೂ ಹಿಡ್ಕೊಂಡ್ರೆ ಆಪರೇಸನ್‌ನಲ್ಲಿ ಹುಟ್ಟಿರೋರ ಹತ್ರ ಒತ್ತಿಸ್ಬೇಕು."

ನಾನೂ ಆಪರೇಷನ್‌ನಲ್ಲೇ ಹುಟ್ಟಿದವಳು. ದಯವಿಟ್ಟು ಯಾರೂ ಅತ್ತೆಗೆ ಹೇಳಬೇಡಿ, ಅವರಿಗೆ ಸೊಂಟನೋವಿದೆ.