ವಲ್ಲಿಯ ಕೆಳಗಿನ ಬೆಲೆ

ಇವತ್ತು ಕರಿಹಲಗೆ ಒರೆಸುವ ಬಟ್ಟೆ ಸಿಗಲಿಲ್ಲ. ಹೆಗಲ ಮೇಲಿನ ಹಳೆಯ ವಲ್ಲಿಯಿಂದಲೇ ಒರೆಸಿದೆ. ಸೀಮೆಸುಣ್ಣದ ಪುಡಿಯೊಡನೆ ತೊಗರಿಯ ಧೂಳಿನ ವಾಸನೆಯೂ ಎದ್ದಿತು. ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ ಎಂದು ನೀವು ವಾದಿಸಬಹುದು. ವಾದಿಸಿ, ನಾನೂ ಹಾಗೆಯೇ ಇದ್ದವನು.

ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಆದ್ದರಿಂದ ಯಾವ ಪಕ್ಷವನ್ನೂ ನಂಬುತ್ತಿರಲಿಲ್ಲ. ಅದನ್ನೇ ಬುದ್ಧಿ ಎಂದುಕೊಂಡಿದ್ದೆ. ನಮಗೆ ವಾಣಿಜ್ಯ ಕಲಿಸುತ್ತಿದ್ದ ಪ್ರೊಫೆಸರ್ ಸಾಹೇಬರು ಅತನೂರಿನ ಒಕ್ಕಲು ಮನೆಯವರು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಆಳಂದ, ಅಫಜಲಪುರ, ಜೇವರ್ಗಿಯ ಸಂತೆಗಳಲ್ಲಿ ಆಗ ಕಾಳಿನ ವ್ಯಾಪಾರಿಗಳು ಬಾಯಿಬಿಟ್ಟು ಬೆಲೆ ಹೇಳುತ್ತಿರಲಿಲ್ಲ. ಕೈಯ ಮೇಲೆ ವಲ್ಲಿ ಮುಚ್ಚಿ, ಒಬ್ಬರ ಬೆರಳು ಒಬ್ಬರು ಹಿಡಿದು ವ್ಯಾಪಾರ ಮುಗಿಸುತ್ತಿದ್ದರು; ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಹೆಂಗಸು ಪರಗಂಡಸಿನ ಕೈ ಹಿಡಿಯುವುದುಂಟೇ? ಅವಳ ಪರವಾಗಿ ದಲಾಲ ಕೈ ಹಾಕುತ್ತಿದ್ದ. ಅವಳ ಮಾಲಿನ ಬೆಲೆ ಕುಸಿಯುವುದು ಅಲ್ಲಿಯೇ ಎಂಬುದು ಸಾಹೇಬರ ಸಂಶೋಧನೆ. ಪುಸ್ತಕದಲ್ಲಿಲ್ಲದ್ದು ಸಂಶೋಧನೆಯೇ ಅಲ್ಲ ಎಂದ ವಿಶ್ವವಿದ್ಯಾಲಯದ ಹಿರಿಯರು, ಈ ಸುಗ್ಗಿಯಲ್ಲಿ ಪುರಾವೆ ತಾರದಿದ್ದರೆ ಸಂಶೋಧನೆ ನಿಲ್ಲಿಸಿ ಎಂದಿದ್ದರು.

"ಮುಚ್ಚಿದ ಕೈಗೆ ಪುರಾವೆ ಎಲ್ಲಿಂದ ತರ್ತೀರಿ ಸಾಹೇಬ್ರ?" ಎಂದೆ.

"ನೀನೂ ಸಂತಿಗೆ ಬಾ. ಸೋಲಾಕ ಹೆದರಾಕತ್ತೀ ಏನು?"

ಹೋದೆ, ಅವರು ಸೋಲುವುದನ್ನು ನೋಡಲು.

ಆಳಂದದಲ್ಲಿ ಮೊದಲು ಸೋತವನು ನಾನು. ವಲ್ಲಿಯ ಕೆಳಗೆ ಕೈಯಿಟ್ಟು ವ್ಯಾಪಾರಿಯೊಬ್ಬನೊಡನೆ ವಾದಕ್ಕಿಳಿದೆ. ಮಾತಾಡುವಾಗ ಬೆರಳು ಆಡಿಸುವ ಚಟ ನನಗೆ. ವಾದ ಮುಗಿಯುವಷ್ಟರಲ್ಲಿ ಒಂದು ಚೀಲ ಹುರುಳಿ ನನ್ನದಾಗಿತ್ತು!

"ಬೆರಳು ಕೊಟ್ಟೀರಿ, ಮಾತು ಕೊಟ್ಟಂಗ. ಒಯ್ರಿ!" ಎಂದ. ಸಾಹೇಬರು ಕೈಮುಗಿದು ಬಿಡಿಸಬೇಕಾಯಿತು.

ಅಷ್ಟರಲ್ಲಿ ಸರಸಂಬಾ ಊರಿನ ನೀಲವ್ವ ಒಂದು ಚೀಲ ತೊಗರಿ ತಂದಳು. ದಲಾಲ ವಲ್ಲಿಯ ಕೆಳಗೆ ಕೈಯಾಡಿಸಿ ಬಂದು "ಏಳು ರೂಪಾಯಿ" ಎಂದ. ಸಾಹೇಬರು ಅವಳ ಬಳಿ ಹೋಗಿ ಮೆಲ್ಲಗೆ, "ಬಾಯಿಲೆ ಕೇಳಿ ನೋಡವ್ವಾ" ಎಂದರು.

"ಯಾರೂ ಕೊಳ್ಳಲಿಲ್ಲಂದ್ರ? ಚೀಲ ಸರಸಂಬಾ ತನಕ ನೀವು ಹೊರ್ತೀರೇನ್ರಿ?"

"ಇಂವ ಹೊರ್ತಾನ" ಎಂದು ನನ್ನನ್ನು ತೋರಿಸಿದರು.

ಓದುಗರೇ, ಜೀವನದಲ್ಲಿ ಮೊದಲ ಸಲ ನಾನು ಒಂದು ಪಕ್ಷವನ್ನು, ಸಾಹೇಬರ ಪಕ್ಷವನ್ನು, ಮನಸಾರೆ ನಂಬಿದ್ದು ಆ ಗಳಿಗೆಯಲ್ಲಿ.

ನೀಲವ್ವ ದಲಾಲನ ಕೈಯಿಂದ ವಲ್ಲಿ ಸೆಳೆದಳು. "ಎಷ್ಟು ಕೊಡ್ತೀರಿ? ಬಾಯಿಲೆ ಹೇಳ್ರಿ! ಬಾಯಾಗ ತೊಗರಿ ತುಂಬ್ಕೊಂಡೀರೇನು?"

ನಾನು ಚೀಲದ ಭಾರವನ್ನು ಕಣ್ಣಲ್ಲೇ ತೂಗಿದೆ. ಕೊನೆಗೆ ಜೇವರ್ಗಿಯಿಂದ ಬಂದಿದ್ದ ವ್ಯಾಪಾರಿ ಕೆಮ್ಮಿ, "ಎಂಟು" ಎಂದ. ನಮ್ಮೂರ ಮಾಲು ಅವನಿಗೇಕೆ ಎಂದು ಆಳಂದದವನು "ಒಂಬತ್ತು" ಎಂದ. ಹತ್ತಕ್ಕೆ ನಿಂತಿತು. ಹಿಂದಿದ್ದ ರೈತನೊಬ್ಬ ಕೂಗಿದ: "ನಂದೂ ಬಾಯಿಲೇನೇ ಆಗ್ಲಿ!"

ವಲ್ಲಿಯ ಕೆಳಗೆ ಏಳು, ಬಾಯಲ್ಲಿ ಹತ್ತು ಎಂದು ಸಾಹೇಬರು ಬರೆದುಕೊಂಡರು. ನೀಲವ್ವ ವಲ್ಲಿಯನ್ನು ನನ್ನತ್ತ ಎಸೆದಳು: "ತಗೋ ತಮ್ಮಾ, ಬೆವರು ಒರಸ್ಕೋ." ದಲಾಲ ಅದನ್ನು ವಾಪಸು ಕೇಳಲಿಲ್ಲ.

ಅದೇ ಸುಗ್ಗಿಯಲ್ಲಿ ಅಫಜಲಪುರ, ಜೇವರ್ಗಿಗಳಲ್ಲೂ ಹೀಗೇ ನಡೆಯಿತು. ಪುಸ್ತಕದಲ್ಲಿಲ್ಲ ಎಂದಿದ್ದ ವಿಶ್ವವಿದ್ಯಾಲಯವೇ ಈಗ ಸಾಹೇಬರ ಪುಸ್ತಕವನ್ನು ಪಾಠಕ್ಕಿಟ್ಟಿದೆ. ಅದನ್ನು ಕಲಿಸುವವನು ನಾನು.

ಹಲಗೆ ಒರೆಸಿ ತಿರುಗಿದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಪುಸ್ತಕದಾಗ ಐತಿ ಅಂದ್ರ ಖರೇನೇ ಇರಬೇಕೇನ್ರಿ ಸರ್?"

ಅವನ ಬೆರಳುಗಳು ಗಾಳಿಯಲ್ಲಿ ಆಡುತ್ತಿದ್ದವು. ನಾನು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡೆ.

"ನಾಳೆ ಸಂತಿ ಐತಿ. ಬಾ, ನೋಡೂಣು. ಚೀಲ ಹೊರಾಕ ತಯಾರಾಗಿ ಬಾ."