ಎರಡು ಬಾಗಿಲಿಗೂ ಹತ್ತಿದ ಕೀಲಿಕೈ

ಮೊನ್ನೆ ಹಳೆಯ ಟ್ರಂಕಿನ ಬೀಗಕ್ಕೆ ಕೊಬ್ಬರಿಎಣ್ಣೆ ಬಿಡುತ್ತಿದ್ದೆ. ತುಕ್ಕಿನೊಡನೆ ಬೆರೆತ ಎಣ್ಣೆಯ ವಾಸನೆ ಬೆರಳಿಗೆ ಅಂಟಿತು. ಪುಣೆಯಲ್ಲಿ ಕೋಣೆಗೊಂದು ಬಾಡಿಗೆ ಬಿಡಾರವಿದ್ದ ನಮ್ಮ ವಾಡೆಯಲ್ಲಿ, ಎದುರು ಖೋಲಿಯ ಕಾಕು ಅವರ ಅಂಗೈಗೆ ಇದೇ ವಾಸನೆ ಇರುತ್ತಿತ್ತು. ತಮ್ಮ ಬೀಗಕ್ಕೆ ಅಮಾವಾಸ್ಯೆಗೊಮ್ಮೆ ಎಣ್ಣೆ ಬಿಡದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ...

ಚಿಕ್ಕಮ್ಮನೆಂಬ ಅರ್ಥದಲ್ಲಿ ಎಲ್ಲರೂ ಕಾಕು ಎನ್ನುತ್ತಿದ್ದ ಅವರು ಬೆಳಗಾವಿ ಕಡೆಯವರು, ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ನಾನು ಧಾರವಾಡದಿಂದ ಸೊಸೆಯಾಗಿ ಬಂದದ್ದು ಇಂಗ್ಲಿಷರ ಕಾಲದಲ್ಲಿ. ಹೊರಗೆಲ್ಲ ಬರೀ ಮರಾಠಿ ಕೇಳಿ ಕಂಗಾಲಾಗಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹರಟಿದವರು ಅವರೊಬ್ಬರೇ.

ಒಮ್ಮೆ ಮದುವೆಗೆಂದು ಮನೆಮಂದಿಯೆಲ್ಲ ಧಾರವಾಡಕ್ಕೆ ಹೊರಟೆವು. ದೇವರ ಮುಂದೆ ದಿನಾ ದೀಪ ಹಚ್ಚಲೆಂದು ಅತ್ತೆಯವರು ಕಾಕು ಅವರಿಗೆ ನಮ್ಮ ಕೀಲಿಕೈ ಕೊಟ್ಟರು. ಅದಕ್ಕೊಂದು ನೂಲಿನ ದಾರ ಕಟ್ಟಿತ್ತು. ಕಾಕು ಅವರದು ಕಟ್ಟುನಿಟ್ಟಿನ ಮಡಿ. ಎಲ್ಲರೂ ಮುಟ್ಟಿದ ನೂಲು ಮೈಲಿಗೆ, ಮಡಿಯಲ್ಲಿ ಅದನ್ನು ಹಿಡಿಯುವುದು ಹೇಗೆ? ದಾರವಿಲ್ಲದ ತಮ್ಮದೇ ಕೀಲಿಕೈಗೆ ನೀರು ಚಿಮುಕಿಸಿ, ನೋಡೋಣವೆಂದು ನಮ್ಮ ಬೀಗಕ್ಕೆ ಹಾಕಿದ್ದಾರೆ. ಅದು ತೆರೆದೇಬಿಟ್ಟಿದೆ.

ನಾವು ಮರಳಿದಾಗ ನಗುನಗುತ್ತ ಹೇಳಿದರು: "ನಿಮ್ಮ ಕೀಲಿಕೈ ಬೇಕಾಗಲೇ ಇಲ್ರಿ, ದಾರದ ಗಂಟು ಹಾಂಗ ಅದ ನೋಡ್ರಿ. ನನ್ನ ಕೀಲಿಕೈನ ನಿಮ್ಮ ಬಾಗಲಕ್ಕ ಹತ್ತತದ."

ಅತ್ತೆಯವರು ನಗಲಿಲ್ಲ. ಹಿಂದಿನ ವರ್ಷ ನನ್ನ ತವರಿನ ಬೆಳ್ಳಿಯ ಕುಂಕುಮದ ಭರಣಿ ಕಳೆದಿತ್ತು. ಕಾಕು ಅತ್ತ ಹೋದದ್ದೇ ತಡ, "ಈಗ ತಿಳೀತಲ್ಲ, ಭರಣಿ ಹ್ಯಾಂಗ ಹೋತು ಅಂತ" ಎಂದರು. ಹಣೆಗೆ ಕುಂಕುಮವಿಡುವ ಹಕ್ಕನ್ನೇ ಲೋಕ ಕಸಿದುಕೊಂಡ ಹೆಂಗಸಿನ ಮೇಲೆ ಕುಂಕುಮದ ಭರಣಿಯ ಸಂಶಯ. ಕದ್ದವರು ತಾವಾಗಿ ಬಂದು ಹೀಗೆ ಹೇಳುತ್ತಾರೆಯೇ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಸೊಸೆಯಾದವಳು, ನುಂಗಿಕೊಂಡೆ.

ನಮ್ಮವರು ರವಿವಾರ ಪೇಟೆಯಿಂದ ಬೇರೆ ಬೀಗ ತಂದರು. ಕಾಕು ನದಿಗೆ ಹೋಗಿದ್ದಾಗ, ನಮ್ಮ ಹಳೆಯ ಕೀಲಿಕೈಯನ್ನು ಅವರ ಬೀಗಕ್ಕೆ ಹಾಕಿ ನೋಡಿದರು. ಅದೂ ತೆರೆಯಿತು. ಪಕ್ಕದ ಖೋಲಿಯದೂ ತೆರೆಯಿತು. ವಾಡೆಯ ಮಾಲೀಕರು ಎಲ್ಲ ಖೋಲಿಗಳಿಗೂ ಒಂದೇ ಅಂಗಡಿಯ ಅಗ್ಗದ ಬೀಗ ಹಾಕಿಸಿದ್ದರಂತೆ. ಅಂದಮೇಲೆ ಭರಣಿಯನ್ನು ಯಾರು ಬೇಕಾದರೂ ಒಯ್ದಿರಬಹುದಿತ್ತು. ನಮ್ಮವರು ಹಾಗೆಂದಾಗ ಅತ್ತೆಯವರು, "ಆತು ಬಿಡು, ಎಲ್ಲಾರ ಮುಂದ ಹೇಳ್ಕೋತ ಕೂಡಬ್ಯಾಡ" ಎಂದರು. ಹೊಸ ಬೀಗ ಬಾಗಿಲಲ್ಲೇ ಉಳಿಯಿತು.

ಕಾಕು ಅದನ್ನು ನೋಡಿದರು. ನಮ್ಮ ಹೊಸ್ತಿಲು ತುಳಿಯುವುದನ್ನು ಬಿಟ್ಟರು, ಅಷ್ಟೇ.

ಆಷಾಢದಲ್ಲಿ ಪಂಢರಪುರಕ್ಕೆ ಹೊರಟಾಗ ಮಾತ್ರ ಅಂಗಳದಲ್ಲಿ ನಿಂತು ಅತ್ತೆಯವರನ್ನು ಕರೆದರು. "ನಿಮ್ಮ ಹಳೇ ಕೀಲಿಕೈ ಒಗದಿಲ್ಲ ಅಲ್ರಿ? ನನ್ನ ಬಾಗಲಕ್ಕ ಹತ್ತತದ. ಕಿಡಕ್ಯಾಗಿನ ತುಳಸಿಗೆ ಒಂದೀಟು ನೀರ ಹಾಕಸ್ರಿ."

ಅವರ ಬೀಗ ಹಳೆಯದೇ ಇತ್ತು. ನಮ್ಮ ಕೀಲಿಕೈ ಅವರ ಬಾಗಿಲು ತೆರೆಯುತ್ತದೆಂದು ಮೊದಲೇ ಗೊತ್ತಿದ್ದೂ ಅವರು ಅದನ್ನು ಬದಲಿಸಿರಲಿಲ್ಲ... ಕಿಟಕಿಯ ತುಳಸಿಗೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಒಂದು ಚಾಪೆ, ಒಂದು ಕೊಡ, ನಾಲ್ಕು ಪಾತ್ರೆ, ಗೋಡೆಗೆ ವಿಠೋಬನ ಪಟ. ಯಾರಾದರೂ ನೋಡಿ ಏನಂದಾರೋ ಎಂದು ದಿನವೂ ಹಿಂದೆಮುಂದೆ ನೋಡಿಯೇ ಬೀಗ ತೆಗೆಯುತ್ತಿದ್ದೆ.

ಪಂಢರಪುರದಲ್ಲಿ ಕಾಲರಾ ತಗುಲಿ ಕಾಕು ತಿರುಗಿ ಬರಲಿಲ್ಲ. ಪಾತ್ರೆಪಡಗ ಒಯ್ಯಲು ಅವರ ತಮ್ಮ ಬಂದರು. ನಾನೇ ಬಾಗಿಲು ತೆಗೆದುಕೊಟ್ಟೆ. ಕೀಲಿಕೈ ನಿಮ್ಮ ಹತ್ತಿರವೇ ಇತ್ತೇ ಎಂದು ಅವರು ಕೇಳಿದರು.

"ನಮ್ಮ ಮ್ಯಾಲ ಭಾಳ ಭರೋಸಾ ಇತ್ರಿ ಅವರಿಗೆ" ಎಂದರು ಅತ್ತೆಯವರು, ಸೆರಗಿನಿಂದ ಕಣ್ಣೊರೆಸುತ್ತ. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಈಗ ಆ ವಾಡೆ ಇಲ್ಲ, ಅತ್ತೆಯವರಿಲ್ಲ, ನಮ್ಮವರೂ ಇಲ್ಲ. ಭರಣಿ ಸಿಗಲೇ ಇಲ್ಲ. ತಪ್ಪಾಯಿತು ಎನ್ನೋಣವೆಂದರೆ ಕಾಕು ಎಲ್ಲಿ... ಅತ್ತೆಯವರ ಆ ಮಾತು ಸುಳ್ಳಾಗಿದ್ದರೆ ನಾನು ಇಷ್ಟು ನಾಚಿಕೆಪಡುತ್ತಿರಲಿಲ್ಲ. ಕಾಕು ಅವರಿಗೆ ನಮ್ಮ ಮೇಲೆ ನಿಜವಾಗಿಯೂ ಭರವಸೆ ಇತ್ತು.