ಜೆಟ್ಟಿ ಮುಳುಗಬಾರದೆಂದು ಕೆರೆ ತುಂಬಿಸಲಿಲ್ಲ

ಗೆಳೆಯರೇ, ಇಂದು ಬೆಳಿಗ್ಗೆ ಸಿಂಧನೂರು ಸೀಮೆಯ ನಮ್ಮೂರಿನಲ್ಲಿ ಕುಡಿಯುವ ನೀರಿನ ಕೆರೆಗೆ ಕಾಲುವೆ ನೀರು ಬಿಡುವುದನ್ನು ನಿಲ್ಲಿಸಿದರು. ಕೆರೆ ಅರ್ಧವೂ ತುಂಬಿಲ್ಲ. ಶನಿವಾರ ಕಾಲುವೆ ಬಂದ್ ಆದರೆ ಮತ್ತೆ ನೀರು ಬರುವುದು ಮಳೆಗಾಲಕ್ಕೇ.

ಕಾರಣ ಒಂದು ಜೆಟ್ಟಿ, ಅಂದರೆ ದೋಣಿ ಹತ್ತಿಳಿಯುವ ಕಟ್ಟೆ. ನಮ್ಮ ವಾರ್ಡುಗಳ ಸದಸ್ಯರು ಕರಾವಳಿಯ ಸಣ್ಣ ಊರೊಂದಕ್ಕೆ, ಬಂದರು ಅಭಿವೃದ್ಧಿಯ ಅಧ್ಯಯನಕ್ಕೆಂದು ಹೋಗಿದ್ದರು. ಮರಳಿದವರೇ ಕೆರೆಯಲ್ಲಿ ದೋಣಿವಿಹಾರಕ್ಕೆ ಜೆಟ್ಟಿ ಕಟ್ಟಿಸಿದರು. ಕಟ್ಟಿದ್ದು ಹಿಂದಿನ ಸಲ ಕಾಲುವೆ ಬಂದ್ ಇದ್ದಾಗ, ತಳದಲ್ಲಿದ್ದ ನೀರಿನ ಮಟ್ಟ ನೋಡಿಕೊಂಡು. ಕೆರೆ ತುಂಬಿದರೆ ನೀರು ಎಲ್ಲಿಗೇರುತ್ತದೆಂಬ ಗುರುತು ಏರಿಯ ಕಲ್ಲಿನ ಮೇಲೆ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಇದೆ. ಬಂದರಿನಲ್ಲಿ ಇವರು ಎಲ್ಲವನ್ನೂ ನೋಡಿದ್ದಾರೆ, ನೀರು ಏರಿಳಿಯುವುದೊಂದನ್ನು ಬಿಟ್ಟು.

ಕೆರೆಗೆ ನೀರು ಬಿಡುವ ವಾಲ್ವ್ ಹತ್ತಿರ ನಮ್ಮ ಓಣಿಯ ಶರಣಮ್ಮ ಊರ ನೀರು ಸರಬರಾಜಿನ ಇಂಜಿನಿಯರನ್ನು ತಡೆದು ನಿಂತಿದ್ದರು.

“ಯಾಕ ಬಂದ್ ಮಾಡಿಸೀರಿ, ಸಾಹೇಬ್ರ?”

“ಇನ್ನೊಂದು ಮೊಳ ಏರಿದ್ರ ಜೆಟ್ಟಿ ಮುಳುಗತೈತಿ, ಯಮ್ಮಾ. ಸೋಮವಾರ ಉದ್ಘಾಟನೆ ಐತಿ. ಅದೊಂದು ಮುಗೀಲಿ, ತುಂಬಸ್ತೀವಿ.”

“ಸೋಮವಾರ ಕಾಲುವ್ಯಾಗ ನೀರೆಲ್ಲಿರ್ತಾವ್ರೀ?”

“ಅದನ್ನ ನೀರಾವರಿಯವ್ರನ್ನ ಕೇಳ್ಬೇಕು.”

“ಹಂಗಾದ್ರ ಬ್ಯಾಸಗ್ಯಾಗ ಓಣಿಯವ್ರೆಲ್ಲ ಕೊಡ ತಗೊಂಡು ನಿಮ್ಮ ಮನೀಗೇ ಬರ್ತೀವಿ. ಚಾ ಮಾಡಿಡ್ರಿ.”

ಇಂಜಿನಿಯರು ವಾಲ್ವ್ ಕಡೆ ಕೈ ತೋರಿಸಿದರು. ವಾಲ್ವ್‌ಮನ್ ಹನುಮಂತ ಚಕ್ರಕ್ಕೆ ಬೀಗ ಜಡಿದು, ಶರಣಮ್ಮನ ಮುಖ ನೋಡದೆ, ಕೀಲಿಯನ್ನು ಸಾಹೇಬರ ಕೈಗೆ ಕೊಟ್ಟ.

ಸೋಮವಾರ ಉದ್ಘಾಟನೆಗೆ ಎಲ್ಲರೂ ಬನ್ನಿ, ಜೆಟ್ಟಿ ಚೆನ್ನಾಗಿದೆ. ಕುಡಿಯುವ ನೀರು ಮಾತ್ರ ಮನೆಯಿಂದ ತನ್ನಿ.